ಸಮುದ್ರದ ಮೇಲೆ ಎಸ್‌ಟಿ ಸ್ಟ್ಯಾಂಡಿಲ್ಲ

ಈ ಸಲದ ಜೋಳದ ಸುಗ್ಗಿಯ ಹೊತ್ತಿಗೆ ಅವರು ತೀರಿಕೊಂಡರು. ಬೆಳಗ್ಗೆ ಎದ್ದು ಮುಖ ತೊಳೆದು, ಚಹಾ ಕುಡಿದು ಅಂಗಳದ ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಜತ್ತ ಡೆಪೋದ ಡ್ರೈವರು ಕಂಡಕ್ಟರುಗಳು ಡ್ಯೂಟಿ ನಡುವೆ ಖಾಕಿ ಅಂಗಿಯಲ್ಲೇ ಮಣ್ಣಿಗೆ ಬಂದರು. ನಾಲ್ಕು ಜನ ನಾಲ್ಕು ಒಳ್ಳೆಯ ಮಾತಾಡಿದರು. ಸತ್ತವರ ಬಗ್ಗೆ ಎಲ್ಲ ಊರಲ್ಲೂ ಆಡುವ ಮಾತುಗಳೇ ಅವು. ಅವುಗಳಲ್ಲಿ ನನ್ನ ಗೆಳೆಯನ ಮುಖ ನನಗೆ ಕಾಣಿಸಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಅವರನ್ನು ಮಾಮಾ ಅನ್ನುತ್ತಿದ್ದರು. ನಮ್ಮ ಕಡೆ ಎಸ್‌ಟಿ ಕಂಡಕ್ಟರನನ್ನು ಹಾಗೆ ಕರೆಯುವುದು ಮರಾಠಿಯಿಂದ ಬಂದ ರೂಢಿ, ಎಸ್‌ಟಿ ಅಂದರೆ ಮಹಾರಾಷ್ಟ್ರ ಸರಕಾರದ ಬಸ್ಸು. ನಾನು ಗಡಿಯಂಚಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಶಿಕ್ಷಕ. ಜತ್ತದಲ್ಲಿ ಮನೆ. ದಿನಾ ಮುಂಜಾನೆ ಅವರ ಬಸ್ಸಿನಲ್ಲಿ ಹೋಗುವುದು, ಸಂಜೆ ಅವರ ಬಸ್ಸಿನಲ್ಲೇ ಬರುವುದು. ಹೆಂಡತಿಯ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ನಾನು ಈ ಮನುಷ್ಯನ ಜೊತೆ ಆಡಿದ್ದೇನೆ. ಇದನ್ನು ನನ್ನ ಹೆಂಡತಿಯೇ ಎಲ್ಲರೆದುರು ಹೇಳುತ್ತಾಳೆ.

ಟಿಕೀಟು ಕೊಡುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ, ಇದು ಮಾಮಾನ ಪದ್ಧತಿ. ಬೈಗುಳ ಅಂದರೂ ಬಹಳ ದೊಡ್ಡದೇನಲ್ಲ. "ಸರೀರಿ, ಸರೀರಿ, ಸರದು ಕುಂದ್ರಿ, ಎಸ್‌ಟಿ ನಿಮ್ಮಪ್ಪಂದಲ್ಲ, ನಮ್ಮಪ್ಪಂದೂ ಅಲ್ಲ" ಅನ್ನುತ್ತ ಹಿಂದಿನಿಂದ ಮುಂದಕ್ಕೆ ಬರುತ್ತಿದ್ದರು. ಇಬ್ಬರ ಸೀಟಿನಲ್ಲಿ ಮೂವರು ಕೂರುವಂತಿದ್ದರೆ ಮೂರನೆಯವರನ್ನು ನಿಲ್ಲಲು ಬಿಟ್ಟವರಲ್ಲ. ಹೀಗೆ ಸರಿಸಿ ಸರಿಸಿ ನನ್ನನ್ನು ಎಷ್ಟೋ ಸಲ ಕಿಟಕಿಯ ಸರಳಿಗೆ ಒತ್ತಿ ಇಟ್ಟಿದ್ದಾರೆ. ಗುರೂಜಿ ಅಂತ ರಿಯಾಯಿತಿ ಇಲ್ಲ.

ಜಗಳ ಬಿಡಿಸುವುದರಲ್ಲಿ ಅವರದೊಂದು ತಂತ್ರವಿತ್ತು. ಒಮ್ಮೆ ಜತ್ತ ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ಒಂದೇ ಕಿಟಕಿ ಸೀಟಿಗೆ ಸೆರಗು ಬಿಗಿದು ನಿಂತರು. ಒಬ್ಬಳು ಕರವಸ್ತ್ರ ಹಾಕಿದ್ದಳಂತೆ, ಇನ್ನೊಬ್ಬಳು ಅದನ್ನು ತೆಗೆದಳಂತೆ. ಮಾಮಾ ನ್ಯಾಯ ಹೇಳಲಿಲ್ಲ. ಒಬ್ಬಳ ಕೂಸನ್ನು ಎತ್ತಿ ಇನ್ನೊಬ್ಬಳ ಮಡಿಲಿಗೆ ಹಾಕಿ, "ಇದನ್ನ ಹಿಡೀರಿ, ಟಿಕೀಟ ಕೊಟ್ಟು ಬರತೀನಿ" ಅಂತ ಹೋಗಿಬಿಟ್ಟರು. ಸಂಖ ಅನ್ನುವ ಊರು ಬರುವಷ್ಟರಲ್ಲಿ ಆ ಇಬ್ಬರೂ ಒಂದೇ ಗಂಟಿನಿಂದ ಶೇಂಗಾ ಸುಲಿದು ತಿನ್ನುತ್ತಿದ್ದರು. "ಜಗಳಾಡೋರ್ನ ದೂರ ಮಾಡಬಾರದ್ರಿ ಗುರೂಜಿ, ದೂರಾದ್ರ ಸಿಟ್ಟು ಬೆಳೀತದ" ಅಂದರು ನನಗೆ.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಮಾಮಾನ ಇಬ್ಬರು ಒಡಹುಟ್ಟಿದವರು ಆರೇಳು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಕ್ಕನನ್ನು ಬಾಲಗಾಂವಕ್ಕೆ ಕೊಟ್ಟಿದ್ದರು, ದಾಳಿಂಬೆ ತೋಟದ ಮನೆ. ತಂಗಿಯನ್ನು ದರಿಬಡಚಿಗೆ ಕೊಟ್ಟಿದ್ದರು, ಗಂಡನದು ಕಿರಾಣಿ ಅಂಗಡಿ. ನಡುವಿನವರು ಮಾಮಾ. ಅವರ ಹೆಂಡತಿ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಾಯಿ ಕೊನೆಯವರೆಗೂ ಅವರ ಹತ್ತಿರವೇ ಇದ್ದಳು. ಹಾಸಿಗೆ ಹಿಡಿದ ತಾಯಿಯನ್ನು ತಂಗಿ ಬಂದು ನೋಡಿಕೊಂಡಳು. ತಾಯಿ ತನ್ನ ಕೊರಳ ಬೋರಮಾಳ, ಬಂಗಾರದ ಗುಂಡಿನ ಸರ, ತೆಗೆದು ಅವಳ ಕೈಗೆ ಕೊಟ್ಟಳು. ಆದರೆ ಅದೇ ಸರವನ್ನು ತನಗೆ ಕೊಡುವುದಾಗಿ ತಾಯಿ ತನ್ನ ಲಗ್ನದ ದಿನವೇ ಮಾತು ಕೊಟ್ಟಿದ್ದಳು ಅಂತ ಅಕ್ಕನ ವಾದ. ಎರಡೂ ನಿಜವೇ ಇರಬೇಕು, ತಾಯಂದಿರು ಹಾಗೆ ಮಾಡುತ್ತಾರೆ. ತಾಯಿ ತೀರಿದ ಮೇಲೆ ಅವಳ ದಿನಕಾರ್ಯದಲ್ಲಿ ಮಾತಿಗೆ ಮಾತು ಬೆಳೆಯಿತು, ಅಲ್ಲಿಂದ ಮುಂದೆ ಮಾತೇ ನಿಂತಿತು.

ಮಾಮಾ ಸಾಂಗಲಿಯಲ್ಲಿ ಅಂಥದ್ದೇ ಇನ್ನೊಂದು ಬೋರಮಾಳ ಮಾಡಿಸಿ ಬಾಲಗಾಂವಕ್ಕೆ ಒಯ್ದರು. ಅಕ್ಕ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. "ನನಗ ಅವ್ವನ ಕೊಳ್ಳಾಗಿಂದು ಬೇಕಾಗಿತ್ತೋ ತಮ್ಮಾ, ಅಂಗಡ್ಯಾಗಿಂದಲ್ಲ" ಅಂದಳಂತೆ. ಅದನ್ನು ಮತ್ತೆ ಚೀಲದಲ್ಲಿ ಹಾಕಿಕೊಂಡು ಬಂದು, ಮರುದಿನ ಬಸ್ಸಿನಲ್ಲಿ ಮಾಮಾ ಇದನ್ನು ನನಗೆ ಹೇಳಿದರು.

ಆದರೂ ಪ್ರತಿ ವರ್ಷ ನಾಗರಪಂಚಮಿಗೆ ಇಬ್ಬರನ್ನೂ ಕರೆಯುವುದು ಬಿಡಲಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರದಿದ್ದರೆ ಅಣ್ಣತಮ್ಮಂದಿರು ಇದ್ದೂ ಇಲ್ಲದಂತೆ. ಸೀರೆ ತಂದರೆ ಒಂದೇ ನೇಯ್ಗೆಯ ಎರಡು ಸೀರೆ, ಬಣ್ಣ ಮಾತ್ರ ಬೇರೆ. ಶೇಂಗಾ ಉಂಡೆ, ಎಳ್ಳುಂಡೆ ಎರಡು ಡಬ್ಬಿಗಳಲ್ಲಿ ಸಮ ಸಮ. ಒಬ್ಬಳು ಮೊದಲು ಬಂದು ಕುಳಿತಿರುತ್ತಿದ್ದಳು. ಇನ್ನೊಬ್ಬಳು ಬಂದು ಬಾಗಿಲಲ್ಲಿ ಅವಳ ಚಪ್ಪಲಿ ಕಂಡ ಕೂಡಲೇ ಬಂದ ದಾರಿಯಲ್ಲೇ ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತುತ್ತಿದ್ದಳು. ಒಂದು ವರ್ಷ ಮಾಮಾನಿಗೆ ಹಬ್ಬದ ದಿನ ರಜೆ ಸಿಗಲಿಲ್ಲ. ಹೀಗೆ ತಿರುಗಿ ಹೊರಟ ತಂಗಿ ಬಂದು ಹತ್ತಿದ್ದು ಅವರದೇ ಬಸ್ಸು. ನಾನು ನೋಡುತ್ತ ಕುಳಿತಿದ್ದೆ. ಅವಳು ದರಿಬಡಚಿ ಅಂದಳು, ಇವರು ಟಿಕೀಟು ತೆಗೆದು ಕೊಟ್ಟರು. ಅಣ್ಣ ಹಬ್ಬದ ದಿನ ತಂಗಿಯನ್ನು ತಾನೇ ಟಿಕೀಟು ಕೊಟ್ಟು ತವರಿನಿಂದ ಕಳಿಸಿದ ಹಾಗಾಯಿತು. ಆಮೇಲೆ ನನ್ನ ಪಕ್ಕ ಬಂದು ಕುಳಿತು, "ಹೆಣಮಕ್ಕಳಿಗೆ ಅರ್ಧಾ ಟಿಕೀಟು ಆದಮ್ಯಾಲೆ ಸಿಟ್ಟೂ ಸೋವಿ ಆಗ್ಯದ್ರಿ ಗುರೂಜಿ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಅವರನ್ನು ಕೊರೆಯುತ್ತಿದ್ದ ಚಿಂತೆ ಒಂದೇ. ಅದನ್ನು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದು ನನ್ನ ಮನೆಯಲ್ಲಿ ಕುಳಿತಾಗ ಹೇಳಿದರು. "ನಾ ಇರೂತನಕ ಅವರಿಬ್ಬರಿಗೂ ತವರು ಅಂತ ಒಂದು ಬಾಗಲಾ ಅದ. ನಾ ಹೋದೆ ಅಂದ್ರ ಆಕೀಗಿ ಈಕಿ, ಈಕೀಗಿ ಆಕಿ, ಅಷ್ಟ. ಮಾತ ಇಲ್ಲಂದ್ರ ಇಬ್ಬರೂ ತವರಿಲ್ಲದಾವ್ರು ಆಗತಾರ. ನಾ ಹೋಗೂದ್ರಾಗ ಇವರ ಬಾಯಿ ಬಿಡಸಬೇಕ್ರಿ."

ಮುಂದೆ ಒಂದು ತಿಂಗಳಿಗೆ ಮಿರಜದ ಟ್ರಾವೆಲ್ ಏಜೆಂಟನೊಬ್ಬನ ಹತ್ತಿರ ಹೋಗಿ ಮುಂಬೈಯಿಂದ ಹೊರಡುವ ವಿಹಾರದ ಹಡಗಿಗೆ ಬುಕಿಂಗ್ ಮಾಡಿಸಿ ಬಂದರು. ನಾನು ಹೌಹಾರಿದೆ. ಕಾಶಿ ಇತ್ತು, ಶ್ರೀಶೈಲ ಇತ್ತು, ಬಿಟ್ಟು ಹಡಗೇಕೆ ಅಂದೆ.

"ಶ್ರೀಶೈಲದಾಗ ಎಸ್‌ಟಿ ಸ್ಟ್ಯಾಂಡ್ ಅದಲ್ರಿ? ಹಡಗಿನ್ಯಾಗ ಸಿಟ್ಟು ಬಂದ್ರ ಎಲ್ಲಿ ಹೋಗತಾರ?"

ನನ್ನನ್ನೂ ಜೊತೆಗೆ ಕರೆದರು, ನಾನು ಶಾಲೆಗೆ ರಜೆ ಹಾಕಿದೆ.

ಬುಕಿಂಗ್ ಕೂಡ ಮಾಮಾನ ತಲೆಯಿಂದಲೇ ಬಂದದ್ದು. ಸಿಸ್ಟರಿಬ್ಬರಿಗೆ ಒಂದೇ ರೂಮು ಮಾಡಿ ಅಂತ ಏಜೆಂಟ್ ಹೇಳಿದ್ದ. ಅವರು ಒಂದು ರೂಮಿನಲ್ಲಿ ಮಲಗುವ ಮಾತೇ ಇರಲಿಲ್ಲ, ಹಾಗಾಗಿ ಬೇರೆ ಬೇರೆ ಎರಡು ಸಣ್ಣ ಕ್ಯಾಬಿನ್ನು. ಒಂದು ಮಾತ್ರ ಸ್ವೀಟ್ ರೂಮು ಅನ್ನುವ ದೊಡ್ಡ ಮೇಲ್ದರ್ಜೆಯ ಕೋಣೆ, ಅದು ಮಾಮಾನ ಹೆಸರಿಗೆ, ಜೊತೆಗೆ ನಾನು. ಸ್ವೀಟ್ ರೂಮಿನವರಿಗೆ ಮೇಲಿನ ಅಂತಸ್ತಿನಲ್ಲಿ ಪ್ರತ್ಯೇಕ ಊಟದ ಹಾಲು, ಕೂರಲು ಲೌಂಜು, ಕರೆದರೆ ಬರುವ ಆಳು ಅಂತ ಏಜೆಂಟ್ ವರ್ಣಿಸಿದ್ದ. ಮಾಮಾ ಅದನ್ನು ಎಸ್‌ಟಿ ಲೆಕ್ಕದಲ್ಲಿ ಅರ್ಥ ಮಾಡಿಕೊಂಡರು. ಎಸ್‌ಟಿ ನೌಕರನ ಪಾಸು ಮನೆಯವರಿಗೂ ನಡೆಯುತ್ತದೆ. ತಾಯಿ, ಲಗ್ನಕ್ಕೆ ಮುಂಚೆ ತಂಗಿ, ಇವರ ಪಾಸಿನ ಮೇಲೆ ಎಲ್ಲಿ ಬೇಕಲ್ಲಿ ಕುಳಿತು ಓಡಾಡಿದವರು. "ಖೋಲಿ ಮಲಗಾಕ ಅಷ್ಟರಿ. ಸವಲತ್ತು ನನ್ನ ಹೆಸರಿಗಿ ಬಂತಂದ್ರ ಮನ್ಯಾಗಿನವರಿಗೆಲ್ಲ ಬಂತು. ಊಟಕ್ಕ ಇಬ್ಬರೂ ನನ್ನ ಟೇಬಲ್ಲಿಗೇ ಬರಬೇಕಾಗತದ." ಏಜೆಂಟನನ್ನು ಮತ್ತೆ ಕೇಳುವ ಅಗತ್ಯ ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಇಬ್ಬರನ್ನೂ ಹೇಗೆ ಒಪ್ಪಿಸಿದಿರಿ ಅಂದರೆ ನಕ್ಕರು. ಮೋಸ ಮಾಡಿರಲಿಲ್ಲ, ಇಬ್ಬರೂ ಬರುತ್ತೀರಿ ಅಂತ ಹೇಳಿಯೇ ಕರೆದಿದ್ದರು. ಅಕ್ಕ, "ಆಕಿ ಹೋಗತಾಳಂದ್ರ ನಾ ಯಾಕ ಬಿಡ್ಲಿ, ತವರು ಆಕೀದೊಬ್ಬಾಕೀದ ಏನು?" ಅಂದಳಂತೆ. ತಂಗಿಯೂ ಇದೇ ಮಾತನ್ನೇ ಅಂದಳಂತೆ. ಗಂಡಂದಿರು, ಒಬ್ಬರು ದಾಳಿಂಬೆಯ ನೆಪ ಹೇಳಿ, ಇನ್ನೊಬ್ಬರು ಅಂಗಡಿಯ ನೆಪ ಹೇಳಿ ಪಾರಾದರು. ಮಿರಜದಿಂದ ಮುಂಬೈವರೆಗೆ ರೈಲಿನಲ್ಲಿ ಒಬ್ಬಳು ಈ ಕಿಟಕಿ, ಒಬ್ಬಳು ಆ ಕಿಟಕಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಇಬ್ಬರೂ ತಂದಿದ್ದರು. ಎರಡನ್ನೂ ಸಮನಾಗಿ ತಿಂದು ತಿಂದು ನನ್ನ ಹೊಟ್ಟೆ ಕೆಟ್ಟಿತು.

ಬಂದರದಲ್ಲಿ ನಾಲ್ವರೂ ಕತ್ತೆತ್ತಿ ಹಡಗು ನೋಡಿದೆವು. ಜತ್ತದ ಪೇಟೆಯನ್ನೇ ಎತ್ತಿ ನೀರಲ್ಲಿ ನಿಲ್ಲಿಸಿದ ಹಾಗಿತ್ತು. ಸ್ವೀಟಿನವರಿಗೆ ಬೇರೆ ಸಾಲು, ತಣ್ಣನೆಯ ಶರಬತ್ತು. ಉಳಿದವರಿಗೆ ಹನುಮಂತನ ಬಾಲದಂಥ ಸಾಲು. ಮಾಮಾ ಬೇರೆ ಸಾಲಿಗೆ ಹೋಗಲೊಪ್ಪಲಿಲ್ಲ. ಅಕ್ಕತಂಗಿಯರ ನಡುವೆ ನಿಂತರು, ನನ್ನನ್ನೂ ನಿಲ್ಲಿಸಿಕೊಂಡರು. ನನಗೆ ಶರಬತ್ತು ಕುಡಿಯುವ ಮನಸ್ಸಿತ್ತು.

ನಮ್ಮ ರೂಮಿನಲ್ಲಿ ಸೋಫಾ, ಸಮುದ್ರದ ಕಡೆ ಗ್ಯಾಲರಿ, ಮಲಗಿ ಸ್ನಾನ ಮಾಡುವ ತೊಟ್ಟಿ ಎಲ್ಲ ಇತ್ತು. ಮೇಜಿನ ಮೇಲೆ ಹಣ್ಣಿನ ಬುಟ್ಟಿ ಇಟ್ಟಿದ್ದರು. ಮಾಮಾ ಕೂಡುವುದಕ್ಕೂ ಮೊದಲು ಆ ಬುಟ್ಟಿಯನ್ನು ಎರಡು ಪಾಲು ಮಾಡಿದರು. ಸೇಬು ಸರಿಯಾಯಿತು, ದ್ರಾಕ್ಷಿ ಸರಿಯಾಯಿತು. ಅನಾನಸು ಒಂದೇ ಇತ್ತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಜಗಳದ ಹಣ್ಣು, ನೀವ ತಿನ್ರಿ ಗುರೂಜಿ" ಅಂತ ನನ್ನ ಕಡೆ ತಳ್ಳಿದರು. ಪಾಲಿನ ಹಣ್ಣು ಹಿಡಿದು ಕೆಳಗಿನ ಅಂತಸ್ತಿಗೆ ಹೋದೆವು. ಇಬ್ಬರದೂ ಕಿಟಕಿಯಿಲ್ಲದ ಗೂಡು, ಒಂದಕ್ಕೊಂದು ಎದುರು ಬದುರು. ಇಬ್ಬರೂ ಬಾಗಿಲು ಹಾಕಿಕೊಂಡಿದ್ದರು.

ಮಧ್ಯಾಹ್ನದ ಊಟಕ್ಕೆ ಮಾಮಾ ಇಸ್ತ್ರಿ ಅಂಗಿ ತೊಟ್ಟು, ಎದೆ ಉಬ್ಬಿಸಿ, ಎಲ್ಲರನ್ನೂ ಕರೆದುಕೊಂಡು ಮೇಲಿನ ಹಾಲಿಗೆ ಹೊರಟರು. ಬಾಗಿಲಲ್ಲಿ ನಿಂತ ಹುಡುಗಿ ಹಡಗು ಹತ್ತುವಾಗ ನಮ್ಮಿಬ್ಬರಿಗೆ ಕೊಟ್ಟಿದ್ದ ಬಂಗಾರ ಬಣ್ಣದ ಕಾರ್ಡು ನೋಡಿ ಕೈಮುಗಿದಳು. ಅಕ್ಕತಂಗಿಯರ ನೀಲಿ ಕಾರ್ಡು ನೋಡಿ, ಇವರ ಊಟ ಕೆಳಗಿನ ಹಾಲಿನಲ್ಲಿ ಅಂದಳು. ಮಾಮಾ ಮರಾಠಿಯಲ್ಲಿ ಫ್ಯಾಮಿಲಿ ಪಾಸಿನ ವಿಷಯ ಬಿಡಿಸಿ ಹೇಳಿದರು. ಅವಳಿಗೆ ತಿಳಿಯದೆ ಮ್ಯಾನೇಜರನನ್ನು ಕರೆದಳು. ಅವನು ಒಳ್ಳೆಯ ಮನುಷ್ಯ. ಎಲ್ಲ ಕೇಳಿ, ನಿಯಮದಲ್ಲಿ ಇಲ್ಲ, ಆದರೂ ನಿಮಗಾಗಿ ಒಬ್ಬ ಅತಿಥಿಯನ್ನು ಬಿಡುತ್ತೇನೆ ಅಂದ. ನನ್ನ ಕಾರ್ಡಿಗೆ ಇನ್ನೊಬ್ಬರನ್ನು ಬಿಡಿ ಅಂತ ನಾನು ಕೇಳಿದೆ. ರೂಮಿಗೆ ಒಬ್ಬರೇ ಸರ್ ಅಂದ.

ಒಬ್ಬರು. ಅವನು ಉಪಕಾರ ಮಾಡಲು ಹೋಗಿ ಮಾಮಾನ ಕುತ್ತಿಗೆಗೆ ತಂದ. ಆರೇಳು ವರ್ಷದಿಂದ ಎರಡು ಸೀರೆ, ಎರಡು ಡಬ್ಬಿ ಅಂತ ತೂಗುತ್ತ ಬಂದ ಮನುಷ್ಯ ಈಗ ಒಬ್ಬಳ ಹೆಸರು ಹೇಳಬೇಕಿತ್ತು. ಅಕ್ಕ ತಮ್ಮನ ಮುಖ ನೋಡಿದಳು, ತಂಗಿ ಅಣ್ಣನ ಮುಖ ನೋಡಿದಳು. ಒಳಗಿನಿಂದ ತುಪ್ಪದ ವಾಸನೆ ಬರುತ್ತಿತ್ತು.

"ನನಗ ಇಲ್ಲಿ ಊಟ ಸೇರಾಂಗಿಲ್ರಿ. ನಡೀರಿ ಕೆಳಗ" ಅಂದರು.

ಕೆಳಗೆ ನಾಲ್ವರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಉಂಡೆವು. ಊಟ ಚೆನ್ನಾಗಿಯೇ ಇತ್ತು. ಆದರೆ ಇನ್ನೊಬ್ಬಳು ಇರದಿದ್ದರೆ ತಾನು ಮೇಲೆ ಕುಳಿತು ಉಣ್ಣುತ್ತಿದ್ದೆ ಅನ್ನುವುದು ಇಬ್ಬರ ಮುಖದ ಮೇಲೂ ಬರೆದಿತ್ತು. ಊಟ ಮುಗಿಸಿ ಇಬ್ಬರೂ ಎದುರು ಬದುರು ಬಾಗಿಲು ಹಾಕಿಕೊಂಡರು. ಮಾತು ಬಿಡಿಸಲು ಬಂದು ಇದ್ದ ಗಾಯವನ್ನು ಕೆದಕಿದ ಹಾಗಾಯಿತು ಅಂತ ಮಾಮಾ ಗ್ಯಾಲರಿಯಲ್ಲಿ ಕುಳಿತರು. ನಾನು ಅಷ್ಟರಲ್ಲಿ ತೊಟ್ಟಿಗೆ ಬಿಸಿನೀರು ಬಿಟ್ಟುಕೊಂಡಿದ್ದೆ.

"ಗುರೂಜಿ, ಕಾರ್ಡು ಎಷ್ಟು?"

"ಎರಡು."

"ಅವರೆಷ್ಟು ಮಂದಿ?"

ಅವರ ಮನಸ್ಸಿನಲ್ಲಿದ್ದದ್ದು ನನಗೆ ಹೊಳೆಯಿತು. ಹೊಳೆದದ್ದಕ್ಕೆ ಸಂತೋಷವೇನೂ ಆಗಲಿಲ್ಲ. ತೊಟ್ಟಿ ಅರ್ಧ ತುಂಬಿತ್ತು.

ರಿಸೆಪ್ಶನ್ನಿನಲ್ಲಿ ತಕರಾರು ಮಾಡಲಿಲ್ಲ. ಸ್ವೀಟು ಅಕ್ಕತಂಗಿಯರ ಹೆಸರಿಗೆ, ಅವರ ಎರಡು ಕ್ಯಾಬಿನ್ನು ನಮ್ಮ ಹೆಸರಿಗೆ ಬದಲಾಯಿತು. ಸಂಜೆಯ ಚಹಾಕ್ಕೆ ಅಂತ ಮಾಮಾ ಇಬ್ಬರನ್ನೂ ಮೇಲೆ ಕರೆಸಿದರು. ಅಕ್ಕ ಸೋಫಾದ ತುದಿಗೆ ಕುಳಿತಳು, ತಂಗಿ ನಿಂತೇ ಇದ್ದಳು. ಮಾಮಾ ಎರಡು ಬಂಗಾರದ ಕಾರ್ಡುಗಳನ್ನು ಮೇಜಿನ ಮೇಲೆ ಜೋಡಿಸಿ ಇಟ್ಟರು.

"ಈ ಖೋಲಿ ಈಗ ನಿಮ್ಮದು. ಇಬ್ಬರದೂ. ಮ್ಯಾಲಿನ ಊಟಾನೂ ನಿಮ್ಮದ. ಒಬ್ಬಾಕಿ ಬ್ಯಾಡಂದ್ರ ಎರಡೂ ಕಾರ್ಡು ತಿರುಗಿ ಕೊಟ್ಟುಬಿಡತೀನಿ."

"ಈಕಿ ಇದ್ದ ಖೋಲ್ಯಾಗ ನಾ ಮಲಗಾಂಗಿಲ್ಲ ತಮ್ಮಾ" ಅಂದಳು ಅಕ್ಕ.

"ನನಗರೇ ಏನು ಆಸೆ ಅದ ಅಣ್ಣಾ?" ಅಂದಳು ತಂಗಿ. ಅಕ್ಕನ ಮಾತಿಗೆ ಉತ್ತರವನ್ನು ಅಣ್ಣನಿಗೆ ಕೊಟ್ಟಳು.

"ಆತು, ಹೋಗ್ರಿ. ಹೊರಗ ಹೋಗ್ರಿ" ಅಂದರು ಮಾಮಾ. ಅವರು ದನಿ ಏರಿಸಿದ್ದು ನಾನು ಕೇಳಿದ್ದು ಅದೊಂದೇ ಸಲ. "ಎಲ್ಲಿ ಹೋಗತೀರಿ? ಸುತ್ತ ನೀರ ಅದ. ಪ್ರತಿ ಪಂಚಮಿಗಿ ನನ್ನ ಬಾಗಲದಾಗಿಂದ ತಿರುಗಿ ಹೋದ್ರಿ, ನಾ ಒಂದ ಮಾತ ಅಂದಿಲ್ಲ. ನಾ ಸತ್ತ ಮರುದಿನ ನಿಮಗ ತವರು ಎಲ್ಲಿರತದ? ಒಬ್ಬರ ಮನಿಗಿ ಒಬ್ಬರು ಹೋಗಬೇಕು. ಹಾದಿ ಅರೇ ನೆನಪದೇನು ನಿಮಗ? ಬಾಲಗಾಂವ ಹೆಂಗ ಹೋಗೂದು ಆಕೀಗಿ ಮರತದ, ದರಿಬಡಚಿ ಮನಿ ನೀ ನೋಡಿ ಆರೇಳು ವರ್ಷ ಆತು ಅಕ್ಕಾ." ಇಷ್ಟು ಹೇಳಿ ನನ್ನ ಕೈ ಹಿಡಿದು ಹೊರಗೆ ಬಂದುಬಿಟ್ಟರು.

ಬೋರಮಾಳದ ನ್ಯಾಯ ಮಾತ್ರ ಇಂದಿಗೂ ತೀರಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಸರ ದರಿಬಡಚಿಯಲ್ಲಿದೆ, ಮಾತು ಬಾಲಗಾಂವದಲ್ಲಿದೆ. ಆ ವಿಷಯದಲ್ಲಿ ಯಾರೂ ಸೋತಿಲ್ಲ.

ಮರುದಿನ ಬೆಳಗ್ಗೆ ಮಾಮಾ ಬಂದು ನನ್ನ ಗೂಡಿನ ಬಾಗಿಲು ಬಡಿದರು. ಮುಖ ನೋಡಿದರೆ ನಿದ್ದೆ ಮಾಡಿದಂತಿರಲಿಲ್ಲ. ಇಬ್ಬರೂ ಮೇಲಿನ ಅಂತಸ್ತಿಗೆ ಹೋದೆವು. ಸ್ವೀಟಿನ ಹೊರಗೆ, ದಪ್ಪ ಜಮಖಾನೆ ಹಾಸಿದ ಓಣಿಯಲ್ಲಿ, ಹಾಸಿಗೆ ಬಟ್ಟೆಯ ಗಾಡಿ ತಳ್ಳುತ್ತಿದ್ದ ನೌಕರನೊಬ್ಬ ಗಾಬರಿಯಾಗಿ ನಿಂತಿದ್ದ. ಒಳಗಿನಿಂದ ಎರಡು ಹೆಣ್ಣು ದನಿಗಳು ಒಂದರ ಮೇಲೊಂದು ಏರಿ ಬರುತ್ತಿದ್ದವು. ನೀ ಅವಾಗ ಹಿಂಗಂದಿ, ನೀ ಹಂಗ ಮಾಡಿದಿ, ಅವ್ವಗ ಔಷಧ ಕುಡಸಿದಾಕಿ ನಾನು, ಅವ್ವಗ ಮೊದಲ ಹುಟ್ಟಿದಾಕಿ ನಾನು, ನನ್ನ ಮಗಳ ಲಗ್ನಕ್ಕ ಬರಲಿಲ್ಲ, ಕರೀದ ಹೆಂಗ ಬರ್ಲಿ, ಕರದಿದ್ದೆ, ಮಂದೀ ಕೈಲೆ ಕರದರ ಕರದಂಗೇನು... ನೆರೆಮನೆಯ ಹೆಂಗಸರು ಓಡಿ ಬರುವಂಥ ಜಗಳ. ಇದೇನು ಗತಿ ಬಂತಪ್ಪ, ಬಿಡಿಸೋಣ ಅಂತ ನಾನು ಬಾಗಿಲಿಗೆ ಕೈ ಎತ್ತಿದೆ.

ಮಾಮಾ ನನ್ನ ಕೈ ಹಿಡಿದರು. "ಬ್ಯಾಡ್ರಿ, ಬ್ಯಾಡ್ರಿ ಗುರೂಜಿ. ಮಾತಾಡಾಕತ್ತಾರ."

ನೌಕರ ಹಿಂದಿಯಲ್ಲಿ ಏನಾದರೂ ತೊಂದರೆಯೇ ಅಂತ ಕೇಳಿದ. ಮಾಮಾ ಕಣ್ಣೊರೆಸಿಕೊಳ್ಳುತ್ತ, ಏನೂ ಇಲ್ಲಪ್ಪ, ಅಕ್ಕತಂಗಿ ಮಾತಾಡುತ್ತಿದ್ದಾರೆ ಅಂದರು. ಅವನು ನಂಬದೆ ಗಾಡಿ ತಳ್ಳಿಕೊಂಡು ಹೋದ. ನಾವಿಬ್ಬರೂ ಆ ಜಮಖಾನೆಯ ಮೇಲೆ ಗೋಡೆಗೆ ಒರಗಿ ಕುಳಿತೆವು. ಬೈಗುಳ ಕೇಳುತ್ತ ಅಷ್ಟು ಸುಖವಾಗಿ ಕುಳಿತ ಮನುಷ್ಯನನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಕ್ಕ ಹೊರಗೆ ತಲೆ ಹಾಕಿದಳು. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಇಲ್ಲ್ಯಾಕ ಕುಂತೀರಿ ಇಬ್ಬರೂ? ಚಾ ಹೇಳು ಹೋಗ ತಮ್ಮಾ. ಆಕೀ ಚಾದಾಗ ಸಕ್ರಿ ಹಾಕಬ್ಯಾಡನ್ನು. ಶುಗರ್ ಆಗ್ಯದಂತ ಆಕೀಗಿ, ಎರಡ ವರ್ಷ ಆತಂತ. ನನಗ ಒಬ್ಬರರೇ ಹೇಳೀರೇನು?"

ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡಳು. ಮಾಮಾ ಎದ್ದು ಆ ಬಾಗಿಲಿನ ಎದುರು ನಿಂತರು. "ಹೇಳಲಿಲ್ಲಕ್ಕಾ, ತಪ್ಪಾತು" ಅಂದರು ಬಾಗಿಲಿಗೆ. ಆಮೇಲೆ ಮಗುವಿನ ಹಾಗೆ ಅಳತೊಡಗಿದರು. ಚಹಾ ಹೇಳಲು ನಾನು ಹೋದೆ.